ಕಮಿಷನ್ನು ಯಾರ ಗಂಟಿನಿಂದ?



ನಮ್ಮ ಅನ್ಯೋನ್ಯತೆಯ ಕೂಟಗಳಲ್ಲಿ ಈಚೆಗೆ ಒಂದು ವಿಷಯ ಮತ್ತೆ ಮತ್ತೆ ಎದ್ದು ಬರುತ್ತಿದೆ. ಗೂಡಲೂರು, ಪಂದಲೂರು ಕಡೆಯ ಲೈನು ಮನೆಗಳಲ್ಲಿಯೂ ವಯನಾಡಿನ ಪಾಡಿಗಳಲ್ಲಿಯೂ ಓದು ಮುಗಿಸಿ ಮನೆಯಲ್ಲಿರುವ ಯೌವನಸ್ಥರು ಮೊಬೈಲಿನ ಮೂಲಕ ಕಂಪೆನಿಗಳ ಸಾಮಾನಿನ ಲಿಂಕು ಕಳುಹಿಸಿ ಕಮಿಷನ್ ಸಂಪಾದಿಸಲು ತೊಡಗಿದ್ದಾರೆ. ಹಿರಿಯರಲ್ಲಿ ಕೆಲವರು ಇದನ್ನು ಜೂಜಿನ ಸಾಲಿಗೆ ಸೇರಿಸಿ, ಸಭೆಯ ಮಕ್ಕಳು ಇದನ್ನು ಮುಟ್ಟಲೇಬಾರದು ಎನ್ನುತ್ತಾರೆ. ಯೌವನಸ್ಥರು ಕೇಳುವ ಪ್ರಶ್ನೆಯೇ ಬೇರೆ: ಯಾವ ಆಫರಿಗೆ ಹೆಚ್ಚು ಕಮಿಷನ್ ಕೊಡುತ್ತಾರೆ? ನಾವು ಈ ಎರಡು ಮಾತನ್ನೂ ಒಪ್ಪುವವರಲ್ಲ. ಏಕೆಂಬುದನ್ನು ಇಲ್ಲಿ ಬರೆಯುತ್ತೇವೆ.

ವ್ಯಾಪಾರ ಪಾಪವಲ್ಲ. ಫಿಲಿಪ್ಪಿಯಲ್ಲಿ ಪೌಲನನ್ನು ತನ್ನ ಮನೆಗೆ ಕರೆದು ಇರಿಸಿಕೊಂಡ ಲುದ್ಯಳು ನೇರಳೆ ಬಣ್ಣದ ಬಟ್ಟೆ ಮಾರುವವಳಾಗಿದ್ದಳು. ಪೌಲನೇ ಗುಡಾರದ ಕೆಲಸ ಮಾಡಿ ಹೊಟ್ಟೆ ಹೊರೆದವನು. ಇನ್ನೊಬ್ಬರ ಸರಕನ್ನು ನಾಲ್ಕು ಜನರಿಗೆ ತಿಳಿಸಿ ಅದರಿಂದ ಕೂಲಿ ಪಡೆಯುವುದು ಕೂಡ ಹೊಸದಲ್ಲ; ವಿಮಾ ಏಜೆಂಟರು ನಮ್ಮ ಲೈನುಗಳಿಗೆ ಎಷ್ಟೋ ವರ್ಷದಿಂದ ಬರುತ್ತಿದ್ದಾರೆ. ಈಗ ಅಫಿಲಿಯೇಟ್ ಮಾರ್ಕೆಟಿಂಗ್ ಎಂದು ಕರೆಯುವುದೂ ಬುಡದಲ್ಲಿ ಇದೇ. ಕಂಪೆನಿಯು ನಿಮ್ಮ ಹೆಸರಿನ ಗುರುತುಳ್ಳ ಒಂದು ಲಿಂಕನ್ನು ಕೊಡುತ್ತದೆ. ಅದನ್ನು ಒತ್ತಿ ಒಳಗೆ ಹೋದವರು ಏನಾದರೂ ಕೊಂಡರೆ ನಿಮಗೆ ಇಂತಿಷ್ಟು ಪಾಲು. ಅಮೆರಿಕದ ಅಮೆಜಾನ್ ಕಂಪೆನಿ 1996ರಲ್ಲಿ, ತಾನಿನ್ನೂ ಪುಸ್ತಕ ಮಾತ್ರ ಮಾರುತ್ತಿದ್ದಾಗ, ಇದನ್ನು ಆರಂಭಿಸಿತು. ಈಗ ಬಟ್ಟೆ, ಪಾತ್ರೆ, ಬ್ಯಾಂಕ್ ಖಾತೆ, ಸಾಲ, ಪಾಠ, ಔಷಧಿ ಎಲ್ಲದಕ್ಕೂ ಇಂಥ ಲಿಂಕುಗಳಿವೆ. ಹೀಗಾಗಿ, ಯಾವುದನ್ನು ಆರಿಸಿಕೊಳ್ಳಬೇಕು ಎಂಬ ಪ್ರಶ್ನೆ ಬಂದೇ ಬರುತ್ತದೆ.

ಮೊದಲು ಲಾಭದ ಲೆಕ್ಕವನ್ನೇ ನೋಡೋಣ. ಎಲೆ ಕೊಯ್ಯುವ ನಮ್ಮ ತಾಯಂದಿರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ಚೀಲದಲ್ಲಿ ತುಂಬಿ ತಂದ ಎಲೆಯ ತೂಕ ಒಂದು. ನೀರಿಗೆಂದು, ಚೀಲಕ್ಕೆಂದು ಕಳೆದು ಪುಸ್ತಕದಲ್ಲಿ ಬರೆಯುವ ತೂಕ ಇನ್ನೊಂದು. ಆಫರಿನ ಮೇಲೆ ದಪ್ಪಕ್ಷರದಲ್ಲಿ ಕಾಣುವ ಶೇಕಡಾವಾರು ಆ ಮೊದಲನೆಯ ತೂಕ. ಅದರಿಂದ ಕಳೆಯುವುದು ಬಹಳ ಉಂಟು. ಲಿಂಕು ಒತ್ತಿದವರೆಲ್ಲ ಕೊಳ್ಳುವುದಿಲ್ಲ. ಕೊಂಡವರಲ್ಲಿ ಕೆಲವರು ಅಳತೆ ಸರಿಯಿಲ್ಲವೆಂದೋ ಬಣ್ಣ ಬೇರೆಯೆಂದೋ ಹಿಂದಿರುಗಿಸುತ್ತಾರೆ; ಆಗ ಬರೆದಿದ್ದ ಕಮಿಷನ್ನನ್ನೂ ತೆಗೆದುಹಾಕುತ್ತಾರೆ. ಅಮೆಜಾನಿನಲ್ಲಿ ಲಿಂಕು ಒತ್ತಿದ 24 ಗಂಟೆಯೊಳಗೆ ಕೊಳ್ಳುವ ಮನಸ್ಸು ಮಾಡಿ ಸಾಮಾನನ್ನು ಬುಟ್ಟಿಗೆ ಹಾಕಿರಬೇಕು. ಸಂಬಳದ ದಿನ ನೋಡೋಣ ಎಂದು ವಾರ ಬಿಟ್ಟು ತಾವಾಗಿ ಹೋಗಿ ಕೊಂಡವರಿಂದ ನಿಮಗೆ ಏನೂ ಇಲ್ಲ. ತೋಟದ ಮನೆಗಳಲ್ಲಿ ಸಂಬಳದ ದಿನ ನೋಡದೆ ಕೊಳ್ಳುವವರು ಯಾರಿದ್ದಾರೆ? ಆದುದರಿಂದ ತಿಂಗಳ ಮಧ್ಯದಲ್ಲಿ ಕಳುಹಿಸಿದ ಲಿಂಕು ಬಹುಮಟ್ಟಿಗೆ ವ್ಯರ್ಥ. ಸ್ವಂತಕ್ಕೆ ಕೊಂಡದ್ದಕ್ಕೂ ಕಮಿಷನ್ ಇಲ್ಲ. ಬಂದ ಹಣವೂ ಕೂಡಲೇ ಕೈಗೆ ಬರುವುದಿಲ್ಲ. ಸುಮಾರು ಎರಡು ತಿಂಗಳು ಕಾಯಬೇಕು. ಈ ನಡುವೆ ಮೊಬೈಲಿಗೆ ಹಾಕಿಸಿದ ರೀಚಾರ್ಜು ನಿಮ್ಮ ಕೈಯಿಂದಲೇ.

ಒಂದು ಉದಾಹರಣೆ ತೆಗೆದುಕೊಳ್ಳೋಣ. ಅಂಕಿಗಳು ಲೆಕ್ಕ ತಿಳಿಯುವುದಕ್ಕಾಗಿ ನಾವು ಇಟ್ಟುಕೊಂಡವು. ಮಳೆಗಾಲಕ್ಕೆ ಬೇಕಾದ ರಬ್ಬರ್ ಬೂಟು, ಬೆಲೆ 600 ರೂಪಾಯಿ, ಕಮಿಷನ್ ನೂರಕ್ಕೆ 5. ಒಂದು ಜೊತೆಗೆ 30 ರೂಪಾಯಿ ಆಯಿತು. 200 ಜನ ಲಿಂಕು ತೆರೆದು ನೋಡಿದರು, 8 ಜನ ಕೊಂಡರು, ಒಬ್ಬರು ಹಿಂದಿರುಗಿಸಿದರು. ಉಳಿದದ್ದು 210 ರೂಪಾಯಿ. ಇನ್ನೊಂದು ಕಡೆ, ಮನೆಯಲ್ಲೇ ಕುಳಿತು ಸಂಪಾದಿಸುವುದು ಹೇಗೆಂದು ಕಲಿಸುವ ಒಂದು ವೀಡಿಯೊ ಪಾಠ, ಬೆಲೆ 4,000, ಕಮಿಷನ್ ಅರ್ಧಕ್ಕರ್ಧ. ಅದೇ 200 ಜನರಲ್ಲಿ ಒಬ್ಬನೇ ಕೊಂಡರೂ 2,000 ರೂಪಾಯಿ. ಇಲ್ಲಿಗೆ ಬಂದಾಗ ನಮ್ಮ ಯೌವನಸ್ಥರು ಮುಗುಳುನಗುತ್ತಾರೆ. ಅವರ ಲೆಕ್ಕ ತಪ್ಪಲ್ಲ. ಈ ತಿಂಗಳ ಹಣವೊಂದನ್ನೇ ನೋಡಿದರೆ ಬೂಟಿಗಿಂತ ಪಾಠವೇ ಗೆಲ್ಲುತ್ತದೆ. ಅದನ್ನು ಮರೆಮಾಚಿ ಉಪದೇಶ ಮಾಡಿದರೆ ನಮ್ಮ ಮಾತನ್ನು ಯಾರು ನಂಬುತ್ತಾರೆ?

ಆದರೆ ಆ 30 ರೂಪಾಯಿ ಎಲ್ಲಿಂದ ಬಂತು, ಆ 2,000 ಎಲ್ಲಿಂದ ಬಂತು ಎಂದು ಕೇಳಬೇಕು. ಬೂಟು ಕೊಂಡವರಿಗೆ ಬೂಟು ಹೇಗೂ ಬೇಕಾಗಿತ್ತು. ಪೇಟೆಗೆ ಬಸ್ಸಿನಲ್ಲಿ ಹೋಗಿ ಕೊಂಡಿದ್ದರೂ ಹೆಚ್ಚುಕಡಮೆ ಅಷ್ಟೇ ಆಗುತ್ತಿತ್ತು. 30 ರೂಪಾಯಿ ಮಾರುವವನು ತನ್ನ ಪಾಲಿನಿಂದ ಬಿಟ್ಟುಕೊಟ್ಟದ್ದು. ಪಾಠ ಕೊಂಡವನು ಕೊಟ್ಟ 4,000ದಲ್ಲಾದರೋ ಅರ್ಧ ಪಾಠಕ್ಕೆ ಹೋಗಲೇ ಇಲ್ಲ, ಅವನನ್ನು ಒಪ್ಪಿಸಿದ ನಾಲಗೆಗೆ ಹೋಯಿತು. ವೀಡಿಯೊ ಪಾಠವನ್ನು ಒಮ್ಮೆ ಮಾಡಿಟ್ಟರೆ ಸಾವಿರ ಜನರಿಗೆ ಕಳುಹಿಸಲು ಹೆಚ್ಚು ಖರ್ಚಿಲ್ಲ, ಆದುದರಿಂದ ದೊಡ್ಡ ಕಮಿಷನ್ ಕೊಡಲು ಅವರಿಗೆ ಸಾಧ್ಯ ಎಂಬುದೂ ನಿಜವೇ; ಹೊಲಿಗೆಯನ್ನೋ ಕಂಪ್ಯೂಟರ್ ಲೆಕ್ಕವನ್ನೋ ಸರಿಯಾಗಿ ಕಲಿಸುವ ಪಾಠವಿದ್ದರೆ ಅದಕ್ಕೆ ನಮ್ಮ ಆಕ್ಷೇಪಣೆಯಿಲ್ಲ. ನಮ್ಮ ಆಕ್ಷೇಪಣೆ ಇರುವುದು ತನ್ನನ್ನೇ ಮಾರಲು ಕಲಿಸುವ ಪಾಠಕ್ಕೆ. ಅದನ್ನು ಕೊಂಡವನು ತನ್ನ 4,000 ಮರಳಿ ಪಡೆಯಬೇಕಾದರೆ ಇನ್ನಿಬ್ಬರಿಗೆ ಅದನ್ನೇ ಮಾರಬೇಕು. ಆ ಇಬ್ಬರು ನಾಲ್ವರಿಗೆ, ನಾಲ್ವರು ಎಂಟು ಜನರಿಗೆ. ಹತ್ತನೆಯ ಸುತ್ತಿಗೆ 1,024 ಜನ ಬೇಕು. ನಮ್ಮ ಡಿವಿಜನ್ನಿನಲ್ಲಿ ಅಷ್ಟು ಮನೆಗಳು ಎಲ್ಲಿವೆ? ಕೊನೆಯ ಸುತ್ತಿನಲ್ಲಿ ಸೇರಿದವರ ಹಣ ಹೋದ ಹಾಗೆಯೇ. ಆ ಕೊನೆಯ ಸುತ್ತಿನವರು ಯಾವಾಗಲೂ ನಮ್ಮಂಥವರೇ. ಹೀಗೆ ಜನರನ್ನು ಸೇರಿಸಿ ಹಣ ಸುತ್ತಿಸುವ ಯೋಜನೆಗಳನ್ನು 1978ರ ಕಾನೂನೇ ನಿಷೇಧಿಸಿದೆ. ನಡೆಸುವವನು ಮಾತ್ರವಲ್ಲ, ಅದಕ್ಕೆ ಸದಸ್ಯನಾಗಿ ಸೇರುವವನೂ ಅದರಲ್ಲಿ ತಪ್ಪಿತಸ್ಥನೇ. ನೇರ ಮಾರಾಟದ ಕಂಪೆನಿಗಳಿಗಾಗಿ 2021ರ ಡಿಸೆಂಬರಿನಲ್ಲಿ ಬಂದ ನಿಯಮಗಳೂ ಈ ಪಿರಮಿಡ್ ಏರ್ಪಾಡನ್ನು ನಿಷೇಧಿಸಿವೆ.

ಇದಕ್ಕಿಂತ ನಮ್ಮನ್ನು ಹೆಚ್ಚು ನೋಯಿಸುವುದು ತಲೆಗಿಷ್ಟು ಎಂದು ಕೊಡುವ ಕಮಿಷನ್ನು. ಸಾಲದ ಆಪ್ ಒಂದನ್ನು ಸ್ನೇಹಿತನ ಮೊಬೈಲಿಗೆ ಇಳಿಸಿ ಅವನು ಸಾಲ ಪಡೆದರೆ ಇಷ್ಟು. ಹಣವಿಟ್ಟು ಆಡುವ ಆಟಕ್ಕೆ ಒಬ್ಬನನ್ನು ಸೇರಿಸಿದರೆ ಇಷ್ಟು. ಸಾಮಾನು ಇಲ್ಲ, ತೂಕ ಇಲ್ಲ, ಹಿಂದಿರುಗಿಸುವುದಿಲ್ಲ. ಆದುದರಿಂದ ಹುಡುಗರಿಗೆ ಇದು ಎಲ್ಲಕ್ಕಿಂತ ಸುಲಭದ ಆಫರಾಗಿ ಕಾಣುತ್ತದೆ.

ಓದುಗರೇ, ತಲೆಗೆ ಇಷ್ಟೆಂಬ ಲೆಕ್ಕ ನಮ್ಮ ಅಜ್ಜಂದಿರಿಗೆ ಗೊತ್ತಿತ್ತು. ಅಂದು ಮೈಸೂರು ಸೀಮೆಯಿಂದ ನೀಲಗಿರಿಗೂ ವಯನಾಡಿಗೂ ಆಳು ತಂದವರು ಮೇಸ್ತ್ರಿಗಳು. ತಮಿಳು ಸೀಮೆಯಿಂದ ತಂದವರು ಕಂಗಾಣಿಗಳು. ತೋಟದವರಿಂದ ಮುಂಗಡ ಪಡೆದು, ಬರಗಾಲದಲ್ಲಿ ಹಸಿದ ಊರಿಗೆ ಹೋಗಿ, ಮದುವೆಗೋ ಹಳೆಯ ಸಾಲಕ್ಕೋ ಎಂದು ಆ ಹಣವನ್ನು ಕೊಟ್ಟು, ಹೆಬ್ಬೆಟ್ಟು ಒತ್ತಿಸಿ ಘಟ್ಟಕ್ಕೆ ಕರೆತರುತ್ತಿದ್ದರು. ಕರೆತಂದ ಆಳುಗಳು ದುಡಿದ ಕೂಲಿಯ ಮೇಲೆ ಅವರಿಗೆ ಕಮಿಷನ್. ಆಳು ಹೆಚ್ಚಿದಷ್ಟೂ, ಆಳು ತೋಟದಲ್ಲೇ ಸಿಕ್ಕಿಕೊಂಡಿದ್ದಷ್ಟೂ ಮೇಸ್ತ್ರಿಗೆ ಲಾಭ; ಸಾಲ ತೀರಿದರೆ ನಷ್ಟ. ಮುಂಗಡ ತೀರಿಸದೆ ಬಿಟ್ಟು ಹೋದವನನ್ನು ಹಿಡಿದು ಶಿಕ್ಷಿಸಲು ಮದ್ರಾಸು ಸರ್ಕಾರ 1903ರಲ್ಲಿ ಕಾನೂನನ್ನೂ ಮಾಡಿತ್ತು. ಆ ಮೇಸ್ತ್ರಿ ಬೇರೆ ಲೋಕದವನಲ್ಲ. ಅದೇ ಊರಿನವನು, ಅನೇಕ ವೇಳೆ ಅದೇ ಜಾತಿಯವನು, ಮಾವನೋ ಚಿಕ್ಕಪ್ಪನೋ ಆಗಬೇಕಾದವನು. ಅವನ ಮಾತು ನಂಬಿ ಬಂದರೇ ಹೊರತು ಇಂಗ್ಲಿಷ್ ದೊರೆಯನ್ನು ನಂಬಿ ಯಾರೂ ಘಟ್ಟ ಹತ್ತಲಿಲ್ಲ. ದೊರೆಗೆ ಬೇಕಾದದ್ದೂ ಆ ನಂಬಿಕೆಯೇ. ಕಮಿಷನ್ ಕೊಟ್ಟದ್ದು ಅದಕ್ಕೇ.

ಇಂದು ಸಾಲದ ಆಪಿನವನಿಗೆ ಬೇಕಾದದ್ದು ಇದೇ. ಅವನ ಹೆಸರು ನಮ್ಮ ಲೈನಿನಲ್ಲಿ ಯಾರಿಗೂ ಗೊತ್ತಿಲ್ಲ. ಎರಡನೆಯ ಮನೆಯ ಹುಡುಗನ ಹೆಸರು ಎಲ್ಲರಿಗೂ ಗೊತ್ತು. ಒಂದು ಮನೆಯ ಸಂಗತಿ ನಮ್ಮ ಮುಂದೆ ಬಂತು. ಹೆರಿಗೆಯ ಖರ್ಚಿಗೆಂದು ಇಂಥ ಒಂದು ಆಪಿನಲ್ಲಿ ಸಾಲ ಮಾಡಿದ್ದರು. ಕಂತು ಒಂದು ತಪ್ಪಿದಾಗ, ಅವರ ಮೊಬೈಲಿನಲ್ಲಿದ್ದ ನಂಬರುಗಳಿಗೆಲ್ಲ ಫೋನು ಹೋಯಿತು: ಫ್ಯಾಕ್ಟರಿಯ ಮೇಲ್ವಿಚಾರಕರಿಗೆ, ಬೀಗರಿಗೆ, ಸಭಾಪಾಲಕರಿಗೆ. ಆ ಆಪನ್ನು ತಂದುಕೊಟ್ಟವನು ಅದೇ ಲೈನಿನ ಹುಡುಗ, ಭಾನುವಾರ ಶಾಲೆಯಲ್ಲಿ ಕಲಿತವನು. ಅವನಿಗೆ ಸಿಕ್ಕಿದ್ದು ಒಂದು ದಿನದ ಕೂಲಿಗೂ ಸಮವಲ್ಲ. ರಿಸರ್ವ್ ಬ್ಯಾಂಕಿನ ನಿಯಮಗಳ ಪ್ರಕಾರ ಸಾಲದ ಆಪು ಮೊಬೈಲಿನಲ್ಲಿರುವ ನಂಬರುಗಳ ಪಟ್ಟಿಯನ್ನು ಮುಟ್ಟುವಂತಿಲ್ಲ. ವರ್ಷದ ಒಟ್ಟು ಬಡ್ಡಿ ಖರ್ಚು ಎಷ್ಟೆಂದು ಮೊದಲೇ ಬರೆದು ತಿಳಿಸಬೇಕು. ಇದನ್ನು ಮೀರಿದ ಆಪು ಎಷ್ಟು ಕಮಿಷನ್ ಕೊಟ್ಟರೂ ಬೇಡ. ನಿಯಮದಂತೆ ನಡೆಯುವ ಆಪಿನದಾದರೂ ಸಾಲವನ್ನು ನೆರೆಯವನ ತಲೆಗೆ ಕಟ್ಟಿ ಕಮಿಷನ್ ಪಡೆಯುವ ಕೆಲಸ ನಮ್ಮವರಿಗೆ ತಕ್ಕದ್ದಲ್ಲವೆಂಬುದು ನಮ್ಮ ಮತ. ಹಣದ ಆಟಗಳ ವಿಷಯದಲ್ಲಿ ಚರ್ಚೆಗೆ ಎಡೆಯೇ ಇಲ್ಲ. 2025ರ ಆಗಸ್ಟಿನಲ್ಲಿ ಪಾರ್ಲಿಮೆಂಟು ಅಂಗೀಕರಿಸಿದ ಕಾನೂನು ಆ ಆಟಗಳನ್ನು ನಿಷೇಧಿಸಿ, ಅವುಗಳ ಜಾಹೀರಾತು ಮಾಡುವವರಿಗೆ 2 ವರ್ಷದ ವರೆಗೆ ಸಜೆಯನ್ನು ಇಟ್ಟಿದೆ. ಸಕ್ಕರೆ ಕಾಯಿಲೆ ಪೂರ್ತಿ ವಾಸಿಯಾಗುತ್ತದೆಂದು ಮಾರುವ ಪುಡಿಗಳದೂ ಹೀಗೆಯೇ. ಅಂಥ ಜಾಹೀರಾತನ್ನು 1954ರ ಕಾನೂನು ನಿಷೇಧಿಸಿದೆ.

ಜಕ್ಕಾಯನ ಕಥೆಯನ್ನು ನಾವು ಎಷ್ಟೋ ಸಾರಿ ಕೇಳಿದ್ದೇವೆ. ಅವನ ದುಡ್ಡೂ ಒಂದು ರೀತಿಯ ಕಮಿಷನ್ನೇ. ರೋಮಿನವರಿಗೆ ಸಲ್ಲಬೇಕಾದ್ದಕ್ಕಿಂತ ಮೇಲೆ ಎಷ್ಟು ಹಿಂಡುತ್ತಾನೋ ಅಷ್ಟು ಅವನದು. ಕರ್ತನು ಮನೆಗೆ ಬಂದಾಗ ಅವನು ಪ್ರಾರ್ಥನೆಯ ಮಾತಾಡಲಿಲ್ಲ, ಲೆಕ್ಕದ ಮಾತಾಡಿದ. ಯಾರಿಂದ ಎಷ್ಟು ಬಂತೆಂಬುದು ಅವನಿಗೆ ಗೊತ್ತಿತ್ತು. ಆದುದರಿಂದಲೇ ನಾಲ್ಕರಷ್ಟು ಹಿಂದಕ್ಕೆ ಕೊಡುತ್ತೇನೆಂದು ಹೇಳಲು ಸಾಧ್ಯವಾಯಿತು.

ಹಾಗಾದರೆ ಯಾವುದನ್ನು ಆರಿಸಿಕೊಳ್ಳಬೇಕು? ಹೇಗೂ ಕೊಳ್ಳಬೇಕಾದದ್ದನ್ನು, ಕೊಳ್ಳುವ ಕಾಲಕ್ಕೆ. ಮೇ ತಿಂಗಳ ಸಂಬಳ ಬಂದ ಮೇಲೆ ಮಳೆಕೋಟು, ಬೂಟು, ಕೊಡೆ. ಜೂನಿನಲ್ಲಿ ಶಾಲೆಯ ಚೀಲ, ಊಟದ ಡಬ್ಬಿ. ಚಳಿ ಬಿದ್ದಾಗ ಸ್ವೆಟರು, ಮಕ್ಕಳ ಟೋಪಿ. ಬೋನಸಿನ ಸಮಯದಲ್ಲಿ ಕುಕ್ಕರು, ಮಿಕ್ಸಿ. ಕ್ರಿಸ್ಮಸ್ಸಿಗೆ ಬಟ್ಟೆ. ಇವುಗಳಲ್ಲಿ ಕಮಿಷನ್ ಕಡಮೆ ಎಂಬುದು ನಿಜ. ಆದರೆ ಕೊಂಡವರು ಮುಂದಿನ ಸಾರಿಯೂ ನಿಮ್ಮನ್ನೇ ಕೇಳುತ್ತಾರೆ. ಕಂತಿನ ಮೇಲೆ ಸೀರೆ ಕೊಡುತ್ತ ಲೈನಿಗೆ ಬರುತ್ತಿದ್ದ ವ್ಯಾಪಾರಿಗಳನ್ನು ಹಿರಿಯರು ನೆನಪಿಸಿಕೊಳ್ಳಬಹುದು. ಆ ಮನುಷ್ಯ ಮುಂದಿನ ತಿಂಗಳು ಕಂತಿಗಾಗಿ ಅದೇ ಬಾಗಿಲಿಗೆ ಬರಬೇಕಾಗಿತ್ತು. ಬಣ್ಣ ಬಿಡುವ ಸೀರೆ ಕೊಟ್ಟರೆ ಅವನ ಗತಿ ಏನಾಗುತ್ತಿತ್ತೆಂಬುದು ಅವನಿಗೂ ಗೊತ್ತು, ನಮ್ಮ ಹೆಂಗಸರಿಗೂ ಗೊತ್ತು. ಲಿಂಕು ಕಳುಹಿಸುವವರೂ ಬೆಳಿಗ್ಗೆ ಮಸ್ಟರಿಗೆ ಹೋಗುವ ದಾರಿಯಲ್ಲಿ ಕೊಂಡವರ ಮುಖ ನೋಡಬೇಕಾದವರೇ.

ನಮ್ಮ ಹುಡುಗಿಯರಿಗೆ ಇನ್ನೊಂದು ಅನುಕೂಲ ಉಂಟು, ಅದನ್ನು ಅವರು ಇನ್ನೂ ಕಂಡುಕೊಂಡಿಲ್ಲವೆಂದು ನಮಗೆ ತೋರುತ್ತದೆ. ಕಂಪೆನಿಯವರು ಸಾಮಾನಿನ ಬಗ್ಗೆ ಬರೆಯುವ ವಿವರ ನಮ್ಮ ತಾಯಂದಿರಿಗೆ ಅರ್ಥವಾಗುವುದಿಲ್ಲ. ಈ ಬೂಟು ಇಳಿಜಾರಿನಲ್ಲಿ ಜಾರುತ್ತದೆಯೇ, ಜಿಗಣೆ ಒಳಗೆ ಬರುತ್ತದೆಯೇ, ಈ ಕೋಟು ತೊಟ್ಟು ಬೆನ್ನಿಗೆ ಚೀಲ ಹಾಕಿದರೆ ಕಂಕುಳಲ್ಲಿ ಹರಿಯುತ್ತದೆಯೇ ಎಂಬುದನ್ನು ತೊಟ್ಟು ನೋಡಿದ ಒಬ್ಬಳು ಮನೆಯ ಕನ್ನಡದಲ್ಲಿ ಹೇಳಿದರೆ, ಅದು ಗೂಡಲೂರಿನ ಲೈನಿಗೆ ಮಾತ್ರವಲ್ಲ, ಕೊಡಗು, ಚಿಕ್ಕಮಗಳೂರಿನ ತೋಟಗಳಿಗೂ ಉಪಯೋಗವಾದೀತು. ಇಂಥ ಮಾತಿಗೆ ನಿಧಾನವಾಗಿಯಾದರೂ ಬೆಲೆ ಬರುತ್ತದೆ. ಒಂದೇ ತೋಟದೊಳಗೆ ಸುತ್ತಿದರೆ ಸಿಗುವುದು ಮೊಬೈಲಿನ ಖರ್ಚು ಮಾತ್ರ ಎಂಬುದನ್ನೂ ಸ್ಪಷ್ಟವಾಗಿ ಹೇಳಿಬಿಡುತ್ತೇವೆ. ಇದನ್ನು ನಂಬಿ ಮಸ್ಟರು ತಪ್ಪಿಸಬೇಡಿ, ಕಾಲೇಜು ಬಿಡಬೇಡಿ. ತಿಂಗಳಿಗೆ ಇಷ್ಟು ಸಾವಿರ ಖಂಡಿತ ಎಂದು ಮೊದಲೇ ಹೇಳುವವನ ಬಳಿ ಮಾರಲು ಇರುವ ಸರಕು ನೀವೇ.

ಕಮಿಷನ್ ಬರುತ್ತದೆಂಬುದನ್ನು ಬಚ್ಚಿಡಬಾರದು. ಕೇಂದ್ರ ಸರ್ಕಾರದ ಗ್ರಾಹಕ ವ್ಯವಹಾರಗಳ ಇಲಾಖೆ 2023ರ ಜನವರಿಯಲ್ಲಿ ಇದಕ್ಕೆ ಸೂಚನೆ ಕೊಟ್ಟಿದೆ: ಸಾಮಾನನ್ನು ಹೊಗಳುವವನಿಗೆ ಅದರಿಂದ ಹಣ ಬರುವುದಾದರೆ, ಹೊಗಳಿದ ಭಾಷೆಯಲ್ಲಿಯೇ ಅದನ್ನು ತಿಳಿಸಬೇಕು. ಕನ್ನಡದಲ್ಲಿ ಹೊಗಳಿ ಇಂಗ್ಲಿಷಿನಲ್ಲಿ ಸಣ್ಣಕ್ಷರ ಹಾಕಿದರೆ ಸಾಲದು. 'ನೀವು ಇದನ್ನು ಕೊಂಡರೆ ನನಗೆ ಕಮಿಷನ್ ಸಿಗುತ್ತದೆ' ಎಂದು ಒಂದು ಸಾಲು ಬರೆದರೆ ಏನು ಹೋಗುತ್ತದೆ? ಅಂಗಡಿಯವನು ಲಾಭಕ್ಕೆ ಮಾರುತ್ತಾನೆಂದು ನಮಗೆ ಗೊತ್ತಿದ್ದೂ ಅವನಲ್ಲಿ ಅಕ್ಕಿ ಕೊಳ್ಳುತ್ತೇವಲ್ಲ.

ಸಭೆಯ ಹಿರಿಯರಿಗೂ ಒಂದು ಮಾತು. ಯೌವನಸ್ಥರನ್ನು ಗದರಿಸುವ ಮೊದಲು, ಆರಾಧನೆ ಮುಗಿದ ಮೇಲೆ ಬಾಗಿಲಲ್ಲಿ ನಿಂತು ಶಕ್ತಿವರ್ಧಕ ಡಬ್ಬಿ ಮಾರಿ, ಕೆಳಗೆ ಸದಸ್ಯರನ್ನು ಸೇರಿಸಿದವರು ಯಾರು ಯಾರು ಎಂದು ನೆನಪಿಸಿಕೊಳ್ಳುವುದು ಒಳ್ಳೆಯದು. ಸಭಾಪಾಲಕರ ಹೆಸರಾಗಲಿ, ಪ್ರಾರ್ಥನಾ ಗುಂಪಿನ ವಾಟ್ಸಾಪ್ ಆಗಲಿ ಯಾವ ಲಿಂಕಿಗೂ ಉಪಯೋಗವಾಗಬಾರದು. ಒಳ್ಳೆಯ ಬೂಟಿನ ಲಿಂಕಿಗೂ ಬೇಡ. ಪ್ರಾರ್ಥನೆಗೆ ಬಂದವರು ಇಲ್ಲವೆನ್ನಲು ಸಂಕೋಚಪಡುತ್ತಾರೆ. ಆ ಸಂಕೋಚದಿಂದ ಬಂದ ಕಮಿಷನ್ನು ನಮಗೆ ಬೇಡ.

ನಮ್ಮ ಸೂಚನೆ ಇಷ್ಟು. ಈ ಕೆಲಸ ಮಾಡುವ ಯೌವನಸ್ಥರು ಒಂದು ನೋಟು ಪುಸ್ತಕ ಇಡಲಿ. ಯಾವ ಸಾಮಾನು, ಬೆಲೆ ಎಷ್ಟು, ಪೇಟೆಯಲ್ಲಿ ಎಷ್ಟು, ತಾವು ಉಪಯೋಗಿಸಿ ನೋಡಿದ್ದಾರೆಯೇ, ಇಲ್ಲವಾದರೆ ಉಪಯೋಗಿಸಿದ ಯಾರನ್ನು ಕೇಳಿದರು, ಎಷ್ಟು ಜನ ಕೊಂಡರು, ಎಷ್ಟು ಹಿಂದಿರುಗಿತು, ಕೈಗೆ ಬಂದದ್ದೆಷ್ಟು ಎಂದು ಬರೆಯಲಿ. 2019ರ ಗ್ರಾಹಕ ರಕ್ಷಣಾ ಕಾನೂನಿನಲ್ಲಿ ಸುಳ್ಳು ಜಾಹೀರಾತನ್ನು ಅನುಮೋದಿಸಿದವನಿಗೂ 10 ಲಕ್ಷ ರೂಪಾಯಿಯ ವರೆಗೆ ದಂಡ ಉಂಟು. ಆದರೆ ಹೇಳುವ ಮೊದಲು ತಕ್ಕಂತೆ ವಿಚಾರಿಸಿ ನೋಡಿದ್ದೇನೆಂದು ತೋರಿಸಬಲ್ಲವನಿಗೆ ಆ ದಂಡವಿಲ್ಲ. ಆ ಪುಸ್ತಕವೇ ಅವರಿಗೆ ಸಾಕ್ಷಿ. ಮುಂದಿನ ಸಂಬಳದ ವಾರದ ಕೂಟಕ್ಕೆ ಪುಸ್ತಕಗಳನ್ನು ತರಲಿ. ಲೆಕ್ಕ ಬಲ್ಲ ಇಬ್ಬರು ಸಹೋದರಿಯರು, ಸಂಘದ ಚೀಟಿ ಬರೆಯುವವರು, ಅವರೊಡನೆ ಕುಳಿತು ನೋಡಲು ಒಪ್ಪಿದ್ದಾರೆ. ಸಾಲದ ಆಪನ್ನು ಈಗಾಗಲೇ ಯಾರ ಮೊಬೈಲಿಗಾದರೂ ಇಳಿಸಿಕೊಟ್ಟವರಿದ್ದರೆ, ಆ ಮನೆಗಳ ಹೆಸರನ್ನೂ ಬರೆದು ತರಲಿ. ಎಷ್ಟು ಕಂತು ಉಳಿದಿದೆ, ಯಾವ ಬ್ಯಾಂಕಿನ ಹೆಸರಿನಲ್ಲಿದೆ ಎಂದು ಮೊದಲು ತಿಳಿಯಬೇಕಾದದ್ದು ಅಲ್ಲಿಯೇ.